ಸಿವರ್ಟನ ಸಾವಿಗೆ ಸಾಕ್ಷಿ

ಸ್ಕಾರ್ವೆಯಾ ದ್ವೀಪ
11 ಫೆಬ್ರುವರಿ 1946

ಮಾನ್ಯ ಹೆರ್ಮನ್ ಬ್ರೋತೆನ್ ಅವರಿಗೆ,

ನೀವು ನನ್ನನ್ನು ಕಂಡವರಲ್ಲ, ನಾನೂ ನಿಮ್ಮನ್ನು ಕಂಡವಳಲ್ಲ. ನಾನು ಸಿವರ್ಟನ ಹೆಂಡತಿ ಮಲೇನೆ. ‘ಟೋರ್ಸ್‌ನೆಸ್’ ಎಣ್ಣೆ ಹಡಗಿನಲ್ಲಿ ಪಂಪು ನೋಡಿಕೊಳ್ಳುತ್ತಿದ್ದನಲ್ಲ, ಎತ್ತರದವನು, ಎಡಗೈ ಕಿರುಬೆರಳು ಅರ್ಧ ಇಲ್ಲದವನು, ಅವನೇ.

ನಿಮ್ಮ ವಿಳಾಸ ಸಿಕ್ಕಿದ್ದು ಬರ್ಗೆನ್‌ನ ನಾವಿಕರ ಕಚೇರಿಯಲ್ಲಿ. ಆ ಹಡಗಿನಿಂದ ಬದುಕಿ ಬಂದವರು ಹತ್ತೊಂಬತ್ತು ಜನ, ಅವರನ್ನು ದೋಣಿಯಲ್ಲಿ ತಂದವರು ಹಡಗಿನ ಕಿರಿಯ ಅಧಿಕಾರಿ, ಸೆಕೆಂಡ್ ಮೇಟ್ ಬ್ರೋತೆನ್, ಬರೆಯುವುದಿದ್ದರೆ ಅವರಿಗೇ ಬರೆಯಿರಿ ಎಂದರು. ನೀವು ಸಮುದ್ರ ಬಿಟ್ಟು ಒಳನಾಡಿನಲ್ಲಿ, ನದಿಯಲ್ಲಿ ಮರದ ದಿಮ್ಮಿ ತೇಲಿಸುವವರ ಕಚೇರಿಯಲ್ಲಿದ್ದೀರಂತೆ. ಅಲೆಯ ಸದ್ದಿಲ್ಲದ ಊರಿನಲ್ಲಿ ನಿದ್ದೆ ಹೇಗೆ ಬರುತ್ತದೋ ನನಗೆ ತಿಳಿಯದು. ಬರುವುದಾದರೆ ಒಳ್ಳೆಯದೇ.

ಸಿವರ್ಟ್ ಮನೆ ಬಿಟ್ಟದ್ದು 1939ರ ಆಗಸ್ಟಿನಲ್ಲಿ, ಇನ್ನೂ ಆಲೂಗಡ್ಡೆ ಕಿತ್ತಿರಲಿಲ್ಲ. ಒಂಬತ್ತು ತಿಂಗಳಿಗೆ ಬರುತ್ತೇನೆ ಎಂದಿದ್ದ. ಎಂಟನೇ ತಿಂಗಳಿಗೆ ಅವನ ಬದಲು ಜರ್ಮನ್ನರು ಬಂದರು. ಆಮೇಲೆ ಅವನು ಜರ್ಮನ್ನರ ಎದುರು ಪಾಳೆಯದ ಹಡಗಿನಲ್ಲಿ ಆ ಕಡೆ, ನಾವು ಅವರ ಕೈಕೆಳಗೆ ಈ ಕಡೆ. ರೆಡ್‌ಕ್ರಾಸಿನ ಮೂಲಕ ಇಪ್ಪತ್ತೈದು ಪದ ಮೀರದ ಚೀಟಿ ಕಳಿಸಬಹುದಿತ್ತು. ಮೂರು ವರ್ಷದಲ್ಲಿ ಮೂರು ಚೀಟಿ ಬಂದವು. ಕೊನೆಯದರಲ್ಲಿ ಹೊಸ ಹಲ್ಲು ಕಟ್ಟಿಸಿಕೊಂಡಿದ್ದೇನೆ, ಕಚ್ಚುವುದಕ್ಕೆ ಮಾತ್ರ ಒಳ್ಳೆಯದೇನೂ ಸಿಗುತ್ತಿಲ್ಲ ಎಂದು ಬರೆದಿದ್ದ. ಅದು ನನ್ನ ಕೈಸೇರುವ ಹೊತ್ತಿಗೆ ಹಡಗು ಮುಳುಗಿ ಐದು ತಿಂಗಳಾಗಿತ್ತು. ನನಗೇನು ಗೊತ್ತು? ಅವನ ಹಲ್ಲಿನ ಬಗ್ಗೆ ತಮಾಷೆ ಮಾಡಿ ಉತ್ತರ ಬರೆದೆ.

ಕಳೆದ ಬೇಸಗೆಯಲ್ಲಿ ಸರ್ಕಾರದ ಕಾಗದ ಬಂತು. ಮಾರ್ಚ್ 1943, ಉತ್ತರ ಅಟ್ಲಾಂಟಿಕ್, ಜಲಾಂತರ್ಗಾಮಿಯ ದಾಳಿ, ‘ಕಾಣೆಯಾಗಿದ್ದಾರೆ’. ಸತ್ತಿದ್ದಾರೆ ಎಂದು ಎಲ್ಲಿಯೂ ಇಲ್ಲ. ಈಗ ನಮ್ಮ ಚರ್ಚಿನ ಅಂಗಳದಲ್ಲಿ ಯುದ್ಧದಲ್ಲಿ ಹೋದವರ ಹೆಸರಿನ ಕಲ್ಲು ನಿಲ್ಲಿಸುತ್ತಿದ್ದಾರೆ. ಸತ್ತವರ ಹೆಸರನ್ನಷ್ಟೇ ಕೆತ್ತುತ್ತೇವೆ, ಕಾಣೆಯಾದವರದನ್ನಲ್ಲ ಎನ್ನುತ್ತಾರೆ ಪಾದ್ರಿಗಳು. ಠಾಣೆದಾರರನ್ನು ಕೇಳಿದರೆ, ನ್ಯಾಯಾಧೀಶರು ಜೂನ್ ಹದಿನೈದಕ್ಕೆ ಈ ಕಡೆ ಬರುತ್ತಾರೆ, ಅಷ್ಟರೊಳಗೆ ಕಣ್ಣಾರೆ ಕಂಡವರ ಹೇಳಿಕೆ ತನ್ನಿ, ಇಲ್ಲವಾದರೆ ಇನ್ನೂ ಹಲವು ವರ್ಷ ಕಾಯಬೇಕು ಎಂದರು.

ಅತ್ತೆ ಬೆರ್ಟೆಗೆ ನನ್ನ ಈ ಓಡಾಟ ಹಿಡಿಸದು. ಸೆರೆಯಾಗಿದ್ದ ನಾವಿಕರು ಇನ್ನೂ ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಬಂದರೆ ಸಾಕು, ಕತ್ತರಿಸಿ ಬೈಬಲ್ಲಿನೊಳಗೆ ಇಡುತ್ತಾರೆ. ‘ಕಂಡವ್ರು ಯಾರೂ ಇಲ್ಲ ಅಂದ್ಮೇಲೆ ಸತ್ತಿಲ್ಲ ಅಂತ್ಲೇ ಅರ್ಥ. ನೀನ್ಯಾಕೆ ಊರೆಲ್ಲ ಅಲೆದು ಅವನ್ನ ಸಾಯಿಸ್ತೀಯ?’ ಎಂದು ನನ್ನ ಮೇಲೆ ಹರಿಹಾಯುತ್ತಾರೆ.

ನೀವು ಕಂಡಿದ್ದೀರಾ? ಕಂಡಿದ್ದರೆ ಬರೆಯಿರಿ. ಹೇಗೇ ಇದ್ದರೂ ಬರೆಯಿರಿ. ನಾನು ಮೀನು ಸೀಳುತ್ತ ಬೆಳೆದವಳು, ರಕ್ತ ಕಂಡರೆ ತಲೆ ತಿರುಗುವವಳಲ್ಲ.

ಇಂತು,
ಮಲೇನೆ ಸ್ಕಾರ್ವೆಯಾ


ಎಲ್ವೆರುಮ್
2 ಮಾರ್ಚ್ 1946

ಮಾನ್ಯ ಶ್ರೀಮತಿ ಮಲೇನೆಯವರಿಗೆ,

ತಮ್ಮ ಪತ್ರ ತಲುಪಿತು. ತಮ್ಮ ದುಃಖದಲ್ಲಿ ನಾನೂ ಪಾಲುದಾರ.

ಸಿವರ್ಟ್ ನಮ್ಮ ಹಡಗಿನ ಬಹಳ ಒಳ್ಳೆಯ ಕೆಲಸಗಾರ. ಯಾವ ಕವಾಟ ಕೆಟ್ಟರೂ ಕಿವಿಗೊಟ್ಟು ಕೇಳಿಯೇ ಪತ್ತೆ ಮಾಡುತ್ತಿದ್ದ. ಎಲ್ಲರಿಗೂ ಅವನನ್ನು ಕಂಡರೆ ಇಷ್ಟ. ಹಾಡುತ್ತಿದ್ದ, ಆದರೆ ಅವನ ಹಾಡು ಯಾರಿಗೂ ಇಷ್ಟವಿರಲಿಲ್ಲ. ಇದನ್ನು ಬರೆಯಬಹುದೋ ಬಾರದೋ ತಿಳಿಯದು, ಕ್ಷಮಿಸಿ.

ಅಂದು ಬೆಳಿಗ್ಗೆ ಅವನು ಪಂಪುಕೋಣೆಯಲ್ಲಿದ್ದ. ಟಾರ್ಪೆಡೊ ಬಡಿದದ್ದು ಅದರ ಹತ್ತಿರವೇ. ತಕ್ಷಣ ಪ್ರಾಣ ಹೋಗಿರಬೇಕು. ನೋವೆಂಬುದು ತಿಳಿದಿರಲಾರದು. ತಾವು ಆ ವಿಷಯದಲ್ಲಿ ನೆಮ್ಮದಿಯಾಗಿರಬಹುದು. ಹಡಗು ಮುಳುಗಿತು, ನಾವು ನಾಲ್ಕು ದಿನ ದೋಣಿಯಲ್ಲಿದ್ದು ಬದುಕಿದೆವು.

ಕಲ್ಲಿನ ಮೇಲೆ ಅವನ ಹೆಸರು ಬರುವುದು ನ್ಯಾಯವೇ. ಪಾದ್ರಿಗಳಿಗೆ ಈ ಪತ್ರ ತೋರಿಸಿದರೆ ಸಾಕಾಗಬಹುದು. ತಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ.

ತಮ್ಮ ವಿಶ್ವಾಸಿ,
ಹೆರ್ಮನ್ ಬ್ರೋತೆನ್


ಸ್ಕಾರ್ವೆಯಾ
21 ಮಾರ್ಚ್ 1946

ಮಾನ್ಯ ಬ್ರೋತೆನ್ ಅವರಿಗೆ,

ಅವನ ಹಾಡಿನ ಬಗ್ಗೆ ಬರೆದದ್ದಕ್ಕೆ ಸಂಕೋಚ ಬೇಡ. ನಿಮ್ಮ ಪತ್ರದಲ್ಲಿ ಅವನು ಜೀವಂತ ಕಂಡದ್ದು ಆ ಒಂದು ಸಾಲಿನಲ್ಲೇ. ಓದಿ ನಕ್ಕೆ, ಆಮೇಲೆ ದನಗಳಿಗೆ ಹುಲ್ಲು ಹಾಕುತ್ತ ಕಣ್ಣೀರಿಟ್ಟೆ.

ಉಳಿದದ್ದು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಇದು ನನ್ನ ಮಾತಲ್ಲ, ಠಾಣೆದಾರರದು. ಕನ್ನಡಕ ಏರಿಸಿ ಎರಡು ಸಲ ಓದಿ, ‘ಸತ್ತಿರಬೇಕು ಅಂತ ಬರ್ದಿದಾರೆ ಕಣಮ್ಮ, ಸತ್ತ ಅಂತಲ್ಲ. ಇರಬೇಕು, ಇರಲಾರದು ಅನ್ನೋದೆಲ್ಲ ನಾನೂ ಇಲ್ಲೇ ಕೂತ್ಕೊಂಡು ಹೇಳಬಲ್ಲೆ’ ಎಂದರು. ಪಾದ್ರಿಗಳಿಗೂ ಸಾಲದು. ಆದ್ದರಿಂದ ನ್ಯಾಯಾಲಯದ ನಮೂನೆಯನ್ನೇ ಇದರೊಂದಿಗೆ ಇಟ್ಟಿದ್ದೇನೆ. ನೀವು ಏನು ಕಂಡಿರಿ, ಎಷ್ಟು ಹೊತ್ತಿಗೆ, ಎಷ್ಟು ದೂರದಿಂದ ಎಂದು ತುಂಬಿ, ಇಬ್ಬರ ಎದುರು ಸಹಿ ಹಾಕಬೇಕು. ಅಷ್ಟೇ ಕೆಲಸ.

ನಿಮ್ಮ ನಮಸ್ಕಾರ ಅತ್ತೆಗೆ ತಲುಪಿಸಿದೆ. ‘ಆ ಮನುಷ್ಯ ಕಂಡಿದಾನಾ?’ ಎಂದು ಕೇಳಿದರು. ಕಂಡಿರಬೇಕು ಎಂದೆ. ನೋಡಿ, ನಿಮ್ಮ ಚಾಳಿ ನನಗೂ ಹತ್ತಿತು.

ಮಲೇನೆ


ಸ್ಕಾರ್ವೆಯಾ
6 ಮೇ 1946

ಬ್ರೋತೆನ್ ಅವರೇ,

ಆರು ವಾರ ಆಯಿತು. ನಮೂನೆ ಕಳೆದುಹೋಗಿದ್ದರೆ ಹೇಳಿ, ಇನ್ನೊಂದು ಕಳಿಸುತ್ತೇನೆ. ಕೈ ಮುರಿದಿದ್ದರೆ ಬೇರೆಯವರಿಂದ ಬರೆಸಿ. ಎರಡೂ ಅಲ್ಲದಿದ್ದರೆ ನಿಮಗೆ ಏನು ಅಡ್ಡ ಬಂದಿದೆಯೋ ನಾನು ಅರಿಯೆ. ಒಬ್ಬ ಹೆಂಗಸು ಗಂಡನ ಹೆಸರನ್ನು ಕಲ್ಲಿನಲ್ಲಿ ಕಾಣಲು ಇಷ್ಟೇಕೆ ಪೀಡಿಸುತ್ತಾಳೆ, ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂದು ನೀವು ಅಂದುಕೊಂಡಿರಬಹುದು.

ಅದು ಸರಿಯೇ. ಅವಸರ ಕಲ್ಲಿಗಲ್ಲ, ನನಗೆ.

ನಮ್ಮ ಕಡೆ ದೋಣಿ ಕಟ್ಟುವ ಎಲಿಯಾಸ್ ಎಂಬವನಿದ್ದಾನೆ. ಹೆಂಡತಿ ಸತ್ತು ಆರು ವರ್ಷವಾಯಿತು. ಯುದ್ಧದ ಐದು ಚಳಿಗಾಲ ನಮ್ಮ ಮನೆಗೆ ಸೌದೆ ತಂದುಹಾಕಿದವನು ಅವನು. ಒಂದು ದಿನವೂ ಒಳಗೆ ಬಂದು ಕೂರಲಿಲ್ಲ, ಹೊಸ್ತಿಲಲ್ಲೇ ನಿಂತು ಹೋಗುತ್ತಿದ್ದ. ಜರ್ಮನ್ನರು ಹಿಂದೆ ಸರಿಯುವಾಗ ಉತ್ತರದ ಫಿನ್‌ಮಾರ್ಕ್ ಸೀಮೆಯನ್ನೆಲ್ಲ ಸುಟ್ಟು ಹೋದರಲ್ಲ, ಅಲ್ಲಿ ಈಗ ದೋಣಿ ಕಟ್ಟುವವರು ಬೇಕಾಗಿದ್ದಾರೆ. ಆಗಸ್ಟ್ ಕೊನೆಗೆ ಅವನು ಹೊರಡಬೇಕು. ಹಲಗೆಯ ಮನೆ ಕೊಡುತ್ತಾರೆ, ಆದರೆ ಮದುವೆಯಾದವರಿಗೆ ಮಾತ್ರ. ಅವನು ನನ್ನನ್ನು ಕೇಳಿದ್ದಾನೆ. ‘ನಾನು ಕಾಯ್ತೀನಿ ಮಲೇನೆ, ಆದ್ರೆ ಮನೆ ಕಾಯಲ್ಲ’ ಎಂದ. ಅವನು ಇಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು.

ನನಗೆ ಮೂವತ್ತೈದು. ಏಳು ವರ್ಷದಿಂದ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಊಟದ ಮೇಜಿನಲ್ಲಿ ಒಂದು ಕಡೆ ಅತ್ತೆ, ಇನ್ನೊಂದು ಕಡೆ ನಾನು, ನಡುವೆ ಅವನ ಖಾಲಿ ಕುರ್ಚಿ. ಅದನ್ನು ಅತ್ತೆ ಶನಿವಾರ ಶನಿವಾರ ಒರೆಸುತ್ತಾರೆ. ಎಷ್ಟೋ ದಿನ ನಾನು ಸಂಜೆಯವರೆಗೆ ಮಾತಾಡಿದ್ದು ಹಸುಗಳ ಹತ್ತಿರ ಮಾತ್ರ ಎಂಬುದು ಮಲಗುವಾಗ ನೆನಪಾಗುತ್ತದೆ. ಇದನ್ನು ಗುರುತಿಲ್ಲದವರಿಗೆ ಬರೆಯುವುದು ಸುಲಭವೆಂದು ಬರೆಯುತ್ತಿದ್ದೇನೆ.

ಸಿವರ್ಟ್ ಬದುಕಿರುವ ಸಾಧ್ಯತೆ ಕೂದಲೆಳೆಯಷ್ಟಾದರೂ ಇದ್ದರೆ ಹೇಳಿ. ನಾನು ಎಲಿಯಾಸನಿಗೆ ಹೋಗಿ ಬಾ ಎನ್ನುತ್ತೇನೆ. ಇಲ್ಲದಿದ್ದರೆ ಸಹಿ ಹಾಕಿ.

ಮಲೇನೆ


ಎಲ್ವೆರುಮ್
14 ಮೇ 1946

ಮಾನ್ಯ ಶ್ರೀಮತಿಯವರಿಗೆ,

ತಡವಾದದ್ದಕ್ಕೆ ಕ್ಷಮೆ ಕೋರುತ್ತೇನೆ. ಹೇಳಿಕೆ ಇದರೊಂದಿಗಿದೆ. ಪಂಪುಕೋಣೆಯ ಬಾಗಿಲಲ್ಲಿ ಅವನ ಶವವನ್ನು ನಾನು ಕಣ್ಣಾರೆ ಕಂಡೆನೆಂದು ಬರೆದು, ಇಬ್ಬರು ಸಹೋದ್ಯೋಗಿಗಳ ಎದುರು ಸಹಿ ಹಾಕಿದ್ದೇನೆ. ನ್ಯಾಯಾಧೀಶರಿಗೆ ಇಷ್ಟು ಸಾಕು.

ತಮಗೂ ಎಲಿಯಾಸ್ ಅವರಿಗೂ ಒಳ್ಳೆಯದಾಗಲಿ.

ಹೆರ್ಮನ್ ಬ್ರೋತೆನ್


ಎಲ್ವೆರುಮ್
16 ಮೇ 1946

ಮಲೇನೆಯವರೇ,

ಮೊನ್ನೆ ಕಳಿಸಿದ ಹೇಳಿಕೆ ಸುಳ್ಳು. ನಾನು ಶವವನ್ನು ಕಂಡಿಲ್ಲ.

ನಾಳೆ ಮೇ ಹದಿನೇಳು, ದೇಶದ ಹಬ್ಬ. ಮೆರವಣಿಗೆಯ ಮುಂದೆ ಬಾವುಟ ಹಿಡಿಯಬೇಕೆಂದು ಊರಿನವರು ಇವತ್ತು ಕಚೇರಿಗೆ ಬಂದು ಕೇಳಿಕೊಂಡರು. ಹತ್ತೊಂಬತ್ತು ಜನರನ್ನು ಬದುಕಿಸಿದವರು ನೀವು, ನಿಮ್ಮನ್ನು ಬಿಟ್ಟು ಯಾರು ಹಿಡಿಯಬೇಕು ಎಂದರು. ಆಗಲಿ ಎಂದೆ. ಅವರು ಹೋದ ಮೇಲೆ ಕೂತಲ್ಲಿ ಕೂರಲು ಆಗಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಂಜಿನ್ ಕೈಕೊಟ್ಟು ನಾವು ಹಡಗುಗಳ ಸಾಲಿನಿಂದ ಹಿಂದೆ ಬಿದ್ದಿದ್ದೆವು. ಅಂದು ಬೆಳಿಗ್ಗೆ ದಟ್ಟ ಮಂಜು. ಆರೂ ಮುಕ್ಕಾಲಿಗೆ ಟಾರ್ಪೆಡೊ ಬಡಿಯಿತು. ತುಂಬಿದ್ದು ಕಪ್ಪು ಉರಿಎಣ್ಣೆ, ಬೇಗ ಹತ್ತಿಕೊಳ್ಳುವಂಥದ್ದಲ್ಲ. ಪೆಟ್ರೋಲಾಗಿದ್ದರೆ ಈ ಪತ್ರ ಬರೆಯಲು ನಾನೇ ಇರುತ್ತಿರಲಿಲ್ಲ. ಹಡಗಿನ ನಡುಭಾಗ ಒಡೆದುಹೋಯಿತು. ಕ್ಯಾಪ್ಟನ್ನರೂ ಅಧಿಕಾರಿಗಳೂ ಇದ್ದದ್ದು ಅಲ್ಲೇ. ನಾನು ಕಾಫಿಗೆಂದು ಹಿಂಭಾಗಕ್ಕೆ ಬಂದಿದ್ದೆ, ಅಷ್ಟಕ್ಕೇ ಉಳಿದೆ. ಹಿಂದಿನಿಂದ ಮುಂದಕ್ಕೆ ಹೋಗುವ ನಡೆಹಲಗೆ ಕಿತ್ತುಹೋಗಿತ್ತು. ಸಿವರ್ಟ್ ಮುಂದಿನ ಪಂಪುಕೋಣೆಗೆ ಇಳಿದಿದ್ದ ಎಂದು ಯಾರೋ ಹೇಳಿದರು. ಅವನು ಹೋದನೆಂದೇ ಲೆಕ್ಕ ಹಿಡಿದು ದೋಣಿ ಇಳಿಸಿದೆ.

ಇನ್ನೂರು ಮೀಟರ್ ದೂರ ಹೋಗಿರಬೇಕು, ಹಡಗು ಕಾಣದಾಯಿತು. ಆಗ ಅದರ ಹಬೆಯ ಸಿಳ್ಳೆ ಕೂಗಿತು.

ಸಿಳ್ಳೆಯ ತಂತಿ ಇರುವುದು ನಡುಭಾಗದಲ್ಲಿ, ಒಡೆದೂ ಅರ್ಧ ನಿಂತಿದ್ದ ಕ್ಯಾಪ್ಟನ್ನರ ಕಟ್ಟೆಯಲ್ಲಿ. ನಮ್ಮ ಅಡುಗೆಯವನು ಪೆಡರ್, ‘ಯಾರೋ ಇದಾರೆ ಸರ್, ಕೈಯಲ್ಲೇ ಎಳೀತಿದಾರೆ’ ಎಂದ. ಹಡಗು ಬಾಗಿದಂತೆ ತಂತಿ ಬಿಗಿದು ತಾನಾಗಿ ಕೂಗುತ್ತಿದೆ ಎಂದೆ. ಹಾಗಾಗುವುದು ಉಂಟು, ನಾನೇ ಹಿಂದೊಮ್ಮೆ ಕಂಡಿದ್ದೇನೆ. ಎಲ್ಲರೂ ನನ್ನ ಮುಖ ನೋಡಿದರು. ಅಷ್ಟರಲ್ಲಿ ಮಂಜಿನೊಳಗೆ ಡೀಸೆಲ್ ಎಂಜಿನ್ನಿನ ಸದ್ದು ಕೇಳಿಸಿತು. ಜಲಾಂತರ್ಗಾಮಿ ನೀರಿನ ಮೇಲೆ ಬಂದಿತ್ತು. ಹಡಗು ಮುಳುಗಿಲ್ಲವೆಂದು ಕಂಡರೆ ಇನ್ನೊಂದು ಟಾರ್ಪೆಡೊ ಬಿಡುತ್ತಾರೆ, ಆಗ ಪಕ್ಕದಲ್ಲಿರುವ ದೋಣಿ ಉಳಿಯುವುದಿಲ್ಲ. ಹುಟ್ಟು ಎತ್ತಿ, ಉಸಿರು ಬಿಡಬೇಡಿ ಎಂದೆ.

ಸಿಳ್ಳೆ ನಿಲ್ಲುವುದು, ಮತ್ತೆ ಕೂಗುವುದು. ಪೆಡರ್ ತಡೆಯಲಾರದೆ ಎದ್ದು ತಿರುಗಿ ಕೂಗಲು ಬಾಯಿ ತೆರೆದ. ನಾನು ಅವನ ಬಾಯಿ ಮುಚ್ಚಿ ಹಿಡಿದೆ. ಅವನು ನನ್ನ ಅಂಗೈ ಕಚ್ಚಿದ. ಬಿಡಲಿಲ್ಲ. ಆಮೇಲೆ ಎರಡನೆಯ ಟಾರ್ಪೆಡೊ ಸಿಡಿಯಿತು, ಸಿಳ್ಳೆ ನಿಂತುಹೋಯಿತು. ಮಂಜು ಹರಿದಾಗ ನೀರಿನ ಮೇಲೆ ಎಣ್ಣೆ ಮಾತ್ರ ಇತ್ತು. ಪೆಡರ್ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ. ಮರುವರ್ಷ ಬೇರೊಂದು ಹಡಗಿನೊಂದಿಗೆ ಅವನೂ ಮುಳುಗಿದ.

ನನ್ನ ಪರವಾಗಿ ಹೇಳಿಕೊಳ್ಳಲು ಒಂದೇ ಮಾತಿದೆ, ಮೂರು ವರ್ಷದಿಂದ ಅದನ್ನೇ ಹಿಡಿದು ಕೂತಿದ್ದೇನೆ. ಅಪಾಯದಲ್ಲಿರುವ ನಾವಿಕ ಸಿಳ್ಳೆಯನ್ನು ಹೇಗೆ ಕೂಗಿಸಬೇಕೆಂದು ನಮಗೆಲ್ಲ ಕಲಿಸಿರುತ್ತಾರೆ. ಇದು ಅದಾವುದೂ ಅಲ್ಲ. ಒಂದು ಉದ್ದ, ಎರಡು ಗಿಡ್ಡ, ಮತ್ತೊಂದು ಉದ್ದ. ಆಮೇಲೆ ಬಿಡುವು. ಮತ್ತೆ ಅದೇ. ಸಮುದ್ರದವರ ಯಾವ ಪುಸ್ತಕದಲ್ಲೂ ಇಲ್ಲದ ಕೂಗು. ಮನುಷ್ಯ ಎಳೆದರೆ ಹೀಗೆ ಅರ್ಥವಿಲ್ಲದೆ ಎಳೆಯುತ್ತಾನೆಯೇ ಎಂದು ಕೇಳಿಕೊಂಡೆ. ಕೆಟ್ಟ ತಂತಿ ಪ್ರತಿ ಸಲವೂ ಒಂದೇ ಬಗೆಯಲ್ಲಿ ಕೂಗುತ್ತದೆಯೇ ಎಂಬ ಪ್ರಶ್ನೆ ಆಗಲೂ ಬಂದಿತ್ತು. ಅದನ್ನು ಮಾತ್ರ ಕೇಳಿಕೊಳ್ಳಲಿಲ್ಲ.

ಅವನಾಗಿದ್ದರೆ, ಜಲಾಂತರ್ಗಾಮಿಯವರು ಅವನನ್ನು ಎತ್ತಿಕೊಂಡು ಹೋಗಿರಬಹುದೇ? ಅಪರೂಪಕ್ಕೆ ಹಾಗೆ ಮಾಡಿದ್ದುಂಟು. ನೀವು ಕೇಳಿದ ಕೂದಲೆಳೆ ಇದೇ.

ನಿಜವಾದ ಹೇಳಿಕೆಯನ್ನೂ ಬರೆದು ಸಹಿ ಹಾಕಿ ಇದರೊಂದಿಗೆ ಇಟ್ಟಿದ್ದೇನೆ. ಇದನ್ನು ಕೊಟ್ಟರೆ ನ್ಯಾಯಾಧೀಶರು ಸಾವನ್ನು ಒಪ್ಪುವುದಿಲ್ಲ, ನೀವು ಇನ್ನೂ ಹಲವು ವರ್ಷ ಕಾಯಬೇಕಾಗುತ್ತದೆ. ಇಲ್ಲಿಯ ವಕೀಲರನ್ನು ಕೇಳಿ ತಿಳಿದುಕೊಂಡೆ. ಮೊದಲನೆಯದನ್ನು ಕೊಟ್ಟರೆ ಮದುವೆಯಾಗಬಹುದು. ಎರಡೂ ಈಗ ನಿಮ್ಮ ಕೈಯಲ್ಲಿವೆ. ಯಾವುದನ್ನು ಕೊಟ್ಟರೂ ನಾನು ಚಕಾರ ಎತ್ತುವುದಿಲ್ಲ.

ಹೆರ್ಮನ್


ಸ್ಕಾರ್ವೆಯಾ
30 ಜೂನ್ 1946

ಹೆರ್ಮನ್ ಬ್ರೋತೆನ್,

ನಿಮ್ಮ ಎರಡು ಕಾಗದಗಳೂ ಒಂದೇ ದಿನ ಬಂದವು. ಟಪಾಲು ದೋಣಿ ನಮ್ಮಲ್ಲಿಗೆ ವಾರಕ್ಕೆರಡು ಸಲ. ಮೊದಲು ತೆರೆದದ್ದು ಸುಳ್ಳಿನ ಕಾಗದ. ಅದನ್ನು ಓದಿ, ದೇವರೇ, ಮುಗಿಯಿತಲ್ಲ ಎಂದು ಕಾಫಿ ಪುಡಿ ತೆಗೆದೆ. ನೀರು ಕಾಯುವಷ್ಟರಲ್ಲಿ ಎರಡನೆಯದನ್ನು ಓದಿದೆ. ಒಲೆಯ ಮೇಲೆ ನೀರೆಲ್ಲ ಇಂಗಿಹೋಯಿತು.

ನಮ್ಮ ದ್ವೀಪಕ್ಕೆ ಸೇತುವೆ ಇಲ್ಲ. ಈಚೆ ನಾಲ್ಕು ಮನೆ, ಆಚೆ ದಡದಲ್ಲಿ ರಸ್ತೆ, ನಡುವೆ ಕಡಲಿನ ಕಾಲುವೆ. ಆಚೆಗೆ ಹೋದವನು ಮನೆಗೆ ಬರಬೇಕಾದರೆ, ಅಲ್ಲಿ ಕಂಬಕ್ಕೆ ತೂಗಿಹಾಕಿದ ತಗಡಿನ ಕಹಳೆ ತೆಗೆದು ಊದಬೇಕು. ಆಗ ಈಚೆಯಿಂದ ದೋಣಿ ಹೋಗುತ್ತದೆ. ಯಾರ ಮನೆಯವರು ಬಂದಿದ್ದಾರೆಂದು ತಿಳಿಯಲು ನಾಲ್ಕು ಮನೆಗೂ ನಾಲ್ಕು ಬಗೆಯ ಊದು. ಮಂಜು ಮುಸುಕಿದಾಗ ಕಣ್ಣಿಗೇನೂ ಕಾಣದಲ್ಲ, ಆಗಂತೂ ಅದೊಂದೇ ಗತಿ. ಇಲ್ಲಿಯ ಮಕ್ಕಳಿಗೆ ಏಸುವಿನ ಪ್ರಾರ್ಥನೆಗಿಂತ ಮೊದಲು ಅದು ಬರುತ್ತದೆ. ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ ಎಂದರೆ ನಮ್ಮ ಮನೆ. ಬಂದು ನನ್ನನ್ನು ಕರೆದುಕೊಂಡು ಹೋಗಿ ಎಂದು ಅದರ ಅರ್ಥ.

ಹೆದರಿದ ಮನುಷ್ಯನ ಕೈಗೆ ಪುಸ್ತಕದ್ದು ಬರುವುದಿಲ್ಲ, ಹೆರ್ಮನ್. ಮನೆಯದು ಬರುತ್ತದೆ.

ನಿಮ್ಮನ್ನು ಎಷ್ಟು ಶಪಿಸಿದೆನೆಂದು ಬರೆಯುವುದಿಲ್ಲ. ಮೀನಿನ ಚೂರಿ ಹಿಡಿದಾಗೆಲ್ಲ ನಿಮ್ಮ ನೆನಪಾಗುತ್ತಿತ್ತು. ನಮ್ಮ ದ್ವೀಪದ ಯಾವ ದಡ್ಡ ಆ ದೋಣಿಯಲ್ಲಿದ್ದರೂ ಯೋಚನೆಯಿಲ್ಲದೆ ಹಿಂದಕ್ಕೆ ತಿರುಗಿಸುತ್ತಿದ್ದ. ತಿರುಗಿಸಿ, ಹತ್ತೊಂಬತ್ತು ಜನವೂ ಸಾಯುತ್ತಿದ್ದಿರಿ. ಅದೂ ನನಗೆ ಗೊತ್ತು. ಗೊತ್ತಿದ್ದೂ ಶಪಿಸಿದೆ.

ಅತ್ತೆಗೆ ಹೇಳಬಾರದೆಂದೇ ಇದ್ದೆ. ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನ್ಯಾಯಾಧೀಶರು ಬರುವ ಹಿಂದಿನ ದಿನ ಆಗಲಿಲ್ಲ. ಸುಳ್ಳು ಕೊಟ್ಟರೆ ಅವನು ಕರೆದದ್ದನ್ನು ನಾನೂ ಕೇಳದವಳ ಹಾಗಾಗುತ್ತೇನೆ. ನಿಜ ಕೊಟ್ಟರೆ ಎಲಿಯಾಸ್ ಹೋಗುತ್ತಾನೆ, ನಾನು ಆ ಖಾಲಿ ಕುರ್ಚಿಯ ಎದುರು ಮುದುಕಿಯಾಗುತ್ತೇನೆ. ಎರಡು ಕಾಗದವನ್ನೂ ಮೇಜಿನ ಮೇಲಿಟ್ಟು ಓದಿ ಹೇಳಿದೆ.

ಅತ್ತೆ ಹೆಣಿಗೆ ಕೆಳಗಿಡಲಿಲ್ಲ. ಸಿಳ್ಳೆಯ ಮಾತು ಬಂದಾಗ ಮಾತ್ರ ಕಡ್ಡಿ ನಿಂತಿತು. ‘ನಮ್ಮದೇನಾ? ಸರಿಯಾಗಿ ಓದು’ ಎಂದರು. ಮತ್ತೊಮ್ಮೆ ಓದಿದೆ. ಈಗ ಬದುಕಿದ್ದಾನೆ ಎನ್ನುತ್ತಾರೆ, ಸೆರೆಸಿಕ್ಕಿ ಎಲ್ಲೋ ಇದ್ದಾನೆ ಎನ್ನುತ್ತಾರೆ, ಅಲ್ಲಿಗೆ ನನ್ನ ಕತೆ ಮುಗಿಯಿತು ಎಂದುಕೊಂಡೆ.

‘ಹೋಗಿದಾನೆ ಕಣೇ’ ಎಂದರು. ‘ಆ ಹೊತ್ತಲ್ಲೂ ನಮ್ಮನೇನೇ ಕರ್ದೋನು, ಬದುಕಿದ್ದಿದ್ರೆ ಮೊದ್ಲು ಇಲ್ಲಿಗೇ ಬಂದು ಊದ್ತಿದ್ದ. ಯುದ್ಧ ಮುಗ್ದು ವರ್ಷ ಆಯ್ತು. ಕಹಳೆ ಕಂಬದಲ್ಲೇ ಇದೆ.’

ನಾನು ಅವರ ಕೈ ಹಿಡಿದುಕೊಂಡೆ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೇವೆ, ಹಾಗೆ ಹಿಡಿದದ್ದು ಅದೇ ಮೊದಲು. ಯಾವ ಕಾಗದ ಕೊಡಲಿ ಎಂದು ಕೇಳಿದೆ.

‘ಸುಳ್ಳಿಂದು ಕೊಡು. ಕೋರ್ಟಿಗೆ ಅದು ಸಾಕು. ನಿಜ ಮನೇಲಿರ್ಲಿ’ ಎಂದರು.

ಹಾಗೆಯೇ ಮಾಡಿದೆ. ನ್ಯಾಯಾಧೀಶರು ಐದು ನಿಮಿಷದಲ್ಲಿ ಮುಗಿಸಿದರು. ನೋವಿಲ್ಲದೆ ಹೋದರಂತೆ, ಅಷ್ಟಾದರೂ ಸಮಾಧಾನ ಎಂದರು. ಹೌದು ಎಂದೆ. ಆಗಸ್ಟ್ ಹತ್ತಕ್ಕೆ ಎಲಿಯಾಸನೊಂದಿಗೆ ನನ್ನ ಮದುವೆ. ಅತ್ತೆಯೂ ನಮ್ಮೊಂದಿಗೆ ಉತ್ತರಕ್ಕೆ ಬರುತ್ತಾರೆ. ಮನೆ ಬಾಗಿಲು ಹಾಕಿ ಹೋಗುತ್ತೇವೆ. ಖುಷಿಯಾಗಿದ್ದೀಯಾ ಎಂದು ಎಲಿಯಾಸ್ ಕೇಳಿದ. ಹೂಂ ಎಂದೆ. ಸುಳ್ಳೇನಲ್ಲ. ಆದರೆ ಮಂಜು ಬಿದ್ದ ಬೆಳಗಿನಲ್ಲಿ ಹಾಲು ಕರೆಯಲು ಹೋದರೆ ಕೈ ನಿಂತುಬಿಡುತ್ತದೆ, ಕಿವಿ ಆಚೆ ದಡಕ್ಕೆ ಹೋಗುತ್ತದೆ. ಇದನ್ನು ಅವನಿಗೆ ಹೇಳಲಾರೆ. ಹೇಳಬಲ್ಲೆನಾದರೆ ನಿಮಗೇ, ಅದೇ ನನ್ನ ದುರದೃಷ್ಟ.

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ನೀವು ಕೇಳಿಯೂ ಇಲ್ಲ. ಅತ್ತೆ ಮಾತ್ರ ಒಂದು ವಿಷಯ ಕೇಳುತ್ತಿದ್ದಾರೆ. ನಮ್ಮಲ್ಲಿ ಆಚೆಯವನು ಒಮ್ಮೆ ಊದಿ ನಿಲ್ಲಿಸುತ್ತಾನೆ, ಕಿವಿಗೊಟ್ಟು ಕೇಳುತ್ತಾನೆ. ಈಚೆಯವರು ಅದೇ ಬಗೆಯಲ್ಲಿ ಓಗೊಡಬೇಕು. ದೋಣಿ ಹೊರಡುವುದು ತಡವಾದರೂ ಓಗೊಡುವುದು ತಡವಾಗಬಾರದು, ಚಳಿಯಲ್ಲಿ ನಿಂತವನಿಗೆ ಧೈರ್ಯ ಬೇಕಲ್ಲ. ಆ ಬಿಡುವು ಅದಕ್ಕೇ ಇರುವುದು.

ಅವನು ಎಷ್ಟು ಹೊತ್ತು ಊದಿದ ಎಂದು ನೀವು ಬರೆದಿಲ್ಲ. ಅದನ್ನು ಅತ್ತೆಗೆ ಬರೆಯಿರಿ. ಸುಳ್ಳು ಬೇಡ.

ಮಲೇನೆ


ಎಲ್ವೆರುಮ್
9 ಜುಲೈ 1946

ಪೂಜ್ಯ ಬೆರ್ಟೆ ಅಮ್ಮನವರಿಗೆ,

ನಿಮ್ಮ ಸೊಸೆಯ ಪತ್ರ ತಲುಪಿತು. ನೀವು ಕೇಳಿದ್ದಕ್ಕೆ ಉತ್ತರ ನನ್ನಲ್ಲಿದೆ. ದೋಣಿಯ ದಿನಚರಿ ಬರೆಯುವುದು ನನ್ನ ಕೆಲಸವಾದ್ದರಿಂದ ಗಡಿಯಾರ ಕೈಯಲ್ಲೇ ಇತ್ತು. ಬರೆದುಕೊಳ್ಳಲಿಲ್ಲ, ಆದರೆ ಮರೆತಿಲ್ಲ.

ಮೊದಲನೆಯ ಕೂಗು ಏಳು ಗಂಟೆ ಹತ್ತು ನಿಮಿಷಕ್ಕೆ. ಕೊನೆಯದು ಏಳು ಐವತ್ತೊಂದಕ್ಕೆ. ಒಟ್ಟು ನಲವತ್ತೊಂದು ನಿಮಿಷ, ಅಮ್ಮ. ಒಂದು ಸಲವೂ ತಪ್ಪಾಗಿ ಊದಲಿಲ್ಲ.

ಮೊದಮೊದಲು ನಡುವಿನ ಬಿಡುವು ಚಿಕ್ಕದಿತ್ತು, ಒಂದು ನಿಮಿಷವೂ ಇರಲಿಲ್ಲ. ಬರಬರುತ್ತ ಉದ್ದವಾಯಿತು. ಹಬೆ ಕಡಿಮೆಯಾಗುತ್ತಿದೆ, ಹಾಗಾಗಿ ತಡವಾಗುತ್ತಿದೆ ಎಂದು ನಾನು ದೋಣಿಯಲ್ಲಿದ್ದವರಿಗೆ ಹೇಳಿದೆ. ಹಬೆ ಕಡಿಮೆಯಾಗಿರಲಿಲ್ಲ. ಕೂಗು ಕೊನೆಯವರೆಗೂ ಅಷ್ಟೇ ಜೋರಾಗಿತ್ತು. ಬಿಡುವು ಮಾತ್ರ ಉದ್ದವಾಗುತ್ತ ಹೋಯಿತು.

ಹೆರ್ಮನ್ ಬ್ರೋತೆನ್